ಹಳೇ ಕಾರುಗಳ ಕ್ಲಬ್‌ನವರು ಸಂಪಾಜೆ ಘಾಟಿಯನ್ನು ಸೆಕೆಂಡ್ ಗೇರ್‌ನಲ್ಲೇ ಇಳೀರಿ ಅನ್ನೋದು ಯಾಕೆ?

ಬ್ರೇಕ್ ಕಾದು ಹಿಡಿತ ಬಿಡಬಾರದು ಅಂತ, ಅಷ್ಟೇ.

ಬ್ರೇಕ್ ಅಂದ್ರೆ ಗಾಡಿಯ ಓಟವನ್ನು ಉಜ್ಜಿ ಉಜ್ಜಿ ಬಿಸಿ ಮಾಡಿ ಕಳೆಯೋದು. ಮಡಿಕೇರಿ ಇರೋದು 1,100 ಮೀಟರ್‌ಗಿಂತ ಎತ್ತರದಲ್ಲಿ. ಅಲ್ಲಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆ ತನಕ ಹೆಚ್ಚುಕಮ್ಮಿ ಇಳಿಜಾರೇ, ಆದ್ದರಿಂದ ಕಾಲನ್ನು ಪೆಡಲ್ ಮೇಲೇ ಇಟ್ಟುಕೊಂಡು ಬಂದರೆ ಆ ಬಿಸಿ ಆರೋದಕ್ಕೆ ಸಮಯವೇ ಸಿಗುವುದಿಲ್ಲ. ಹಳೇ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಚ್ಚಿದ ಡಬ್ಬಿ ತರಹ, ಗಾಳಿ ಆಡೋದು ಕಡಿಮೆ. ಸುಟ್ಟ ವಾಸನೆ ಬಂತು ಅಂದ್ರೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲದ ಹೊತ್ತು ಹತ್ತಿರ ಬಂದಿದೆ ಅಂತ.

ಗೇರ್ ಇಳಿಸಿ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಮುಚ್ಚಿದ ದಾರಿಯಲ್ಲಿ ಗಾಳಿ ಎಳೆಯೋಕೆ ಒದ್ದಾಡುತ್ತದೆ, ಆ ಒದ್ದಾಟವೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕು ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಒತ್ತಿ ಬಿಡೋಕೆ ಮಾತ್ರ.

ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋರೂ ಇದ್ದಾರೆ. ದಯವಿಟ್ಟು ಬೇಡ. ಕಾದ ಡ್ರಮ್‌ಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಸುಮ್ನೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಒಂದು ಕಾಫಿ ಕುಡೀರಿ.