ಎಂಜಿನ್ ಹೊಸದು ಹಾಕಿದರೆ ಬೋಟು ಹೊಸದಾಗುತ್ತಾ?

ಪ್ರಶ್ನೆ: ಕರಾವಳಿ ಗಸ್ತಿನ ಬೋಟು, ಕಡಲಲ್ಲಿ ಜನರನ್ನು ಕಾಪಾಡುವ ಬೋಟು ಹಳೆಯದಾಯಿತು ಅಂತ ಕೋಟಿಗಟ್ಟಲೆ ಸುರಿದು ಹೊಸದು ತರುತ್ತಾರೆ. ಎಂಜಿನ್ ಮಾತ್ರ ಬದಲಿಸಿದರೆ ಸಾಲದಾ? ಒಡಲು ಗಟ್ಟಿಯಾಗಿಯೇ ಕಾಣುತ್ತಲ್ಲ?

ಉತ್ತರ: ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ಬಣ್ಣ ಹೊಡೆದು ದಡಕ್ಕೆ ಕಟ್ಟಿದ ಬೋಟು ಮದುಮಗಳ ಹಾಗಿರುತ್ತದೆ. ಒಳಗಿಳಿದು, ಎಂಜಿನ್ ಕೆಳಗೆ ಎಣ್ಣೆ ನೀರು ಸೇರಿ ನಿಲ್ಲುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಸಿಗಬಹುದು. ತಂತಿಯನ್ನು ಆಚೀಚೆ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ ಅಂತ ಮುರಿಯುತ್ತದಲ್ಲ, ವರ್ಷಗಟ್ಟಲೆ ಅಲೆಯ ಏಟು ತಿಂದ ಲೋಹದ ಕಥೆಯೂ ಅದೇ. ಅದಕ್ಕೆ ಇನ್ನೂ ಜೋರಿನ ಎಂಜಿನ್ ಕೂರಿಸಿದರೆ ಏಟೂ ಜಾಸ್ತಿ.

ಹಳೇ ಬೋಟನ್ನೇ ತಿದ್ದಲು ಹೋಗಿ ಅಮೆರಿಕದ ಕೋಸ್ಟ್ ಗಾರ್ಡ್ ಕೈ ಸುಟ್ಟುಕೊಂಡಿತು. ಅವರ 110 ಅಡಿಯ ಗಸ್ತು ಬೋಟುಗಳಿಗೆ ಹಿಂಬದಿಯಲ್ಲಿ 13 ಅಡಿ ಸೇರಿಸಿದರು, ಅಲ್ಲಿಂದ ಚಿಕ್ಕ ದೋಣಿಯನ್ನು ಜಾರಿಸಿ ನೀರಿಗಿಳಿಸುವ ಆಸೆ. ಹಾಗೆ ಉದ್ದವಾದ ಮೊದಲ ಬೋಟು ಮಟಗೋರ್ಡಾ 2004ರಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇವಾನ್ ಚಂಡಮಾರುತದಿಂದ ತಪ್ಪಿಸಿಕೊಂಡು ಹೋಗುವಾಗ ಅದರ ಒಡಲೇ ಸುಕ್ಕುಗಟ್ಟಿತು! 49 ಬೋಟುಗಳಿಗೆ ಮಾಡಬೇಕೆಂದಿದ್ದ ಕೆಲಸ ಎಂಟಕ್ಕೇ ನಿಂತಿತು. 2006ರ ನವೆಂಬರಿನಲ್ಲಿ ಆ ಎಂಟನ್ನೂ ಮೂಲೆಗೆ ಕಟ್ಟಿದರು. ಸುಮಾರು 10 ಕೋಟಿ ಡಾಲರ್ ನೀರುಪಾಲು. ಕೊನೆಗೆ 154 ಅಡಿಯ ಹೊಸ ಬೋಟುಗಳನ್ನೇ ಕಟ್ಟಿಸಬೇಕಾಯಿತು, ಮೊದಲನೆಯದು 2012ರಲ್ಲಿ ಸೇವೆಗೆ ಬಂತು.

ಹಾಗಂತ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಬ್ರಿಟನ್, ಐರ್ಲೆಂಡ್ ಕಡಲಲ್ಲಿ ಜೀವ ಉಳಿಸುವ ಆರ್‌ಎನ್‌ಎಲ್‌ಐ ಸಂಸ್ಥೆಯ ಶ್ಯಾನನ್ ಬೋಟಿನ ಒಡಲು 50 ವರ್ಷ ಬಾಳಲಿ ಅಂತಲೇ ಮಾಡಿದ್ದು. 25 ವರ್ಷಕ್ಕೆ ಎಂಜಿನ್, ಯಂತ್ರ ಎಲ್ಲ ಬದಲಿಸುವುದು ಮೊದಲ ದಿನವೇ ಲೆಕ್ಕದಲ್ಲಿತ್ತು. ಹಾಗೆ ಯೋಚಿಸಿ ಕಟ್ಟಿದ್ದರೆ ರಿಪೇರಿ ಲಾಭ. ಇಲ್ಲದಿದ್ದರೆ ಬಿಡಿಭಾಗ ಸಿಗದೆ ಒಂದು ಬೋಟಿನ ಪಂಪ್ ಬಿಚ್ಚಿ ಇನ್ನೊಂದಕ್ಕೆ ಹಾಕುವ ಕಾಲ ಬರುತ್ತದೆ. ಆಮೇಲೆ ಲೆಕ್ಕದ ಪುಸ್ತಕದಲ್ಲಿ ಹತ್ತು ಬೋಟಿದ್ದರೂ ಕಡಲಿಗಿಳಿಯುವುದು ಆರೋ ಏಳೋ.

ಪ್ರಶ್ನೆ: ಮಗುಚಿದರೂ ತಾನೇ ಎದ್ದು ನಿಲ್ಲುವ ಬೋಟಿದೆಯಂತೆ, ನಿಜವಾ?

ಉತ್ತರ: ನಿಜ, ಅದೂ ಹೊಸದೇನಲ್ಲ. ಭಾರವಾದ ಎಂಜಿನ್ ತಳದಲ್ಲಿ, ನೀರು ನುಗ್ಗದಂತೆ ಮುಚ್ಚಿದ ಕ್ಯಾಬಿನ್ ಮೇಲೆ. ಮಗುಚಿದಾಗ ಗಾಳಿ ತುಂಬಿದ ಕ್ಯಾಬಿನ್ ನೀರೊಳಗೆ ನಿಲ್ಲದೆ ಮೇಲಕ್ಕೆ ಒತ್ತುತ್ತದೆ, ಭಾರ ಕೆಳಗೆ ಎಳೆಯುತ್ತದೆ, ಬೋಟು ಉರುಳಿ ನೆಟ್ಟಗಾಗುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್‌ನ 47 ಅಡಿಯ ಜೀವರಕ್ಷಕ ಬೋಟಿಗೆ ಇದಕ್ಕೆ 30 ಸೆಕೆಂಡೂ ಬೇಡ. ಬಾಗಿಲು ತೆರೆದಿಟ್ಟಿದ್ದರೆ ಮಾತ್ರ ಈ ಲೆಕ್ಕವೆಲ್ಲ ಸುಳ್ಳು.

ಪ್ರಶ್ನೆ: ಹಳೇ ಬೋಟು ಓಡಿಸಿದವರು ಹೊಸದನ್ನೂ ಹಾಗೇ ಓಡಿಸಬಹುದಲ್ಲ?

ಉತ್ತರ: ಕಷ್ಟ. ಶ್ಯಾನನ್‌ನಂಥ ಹೊಸ ಬೋಟುಗಳಲ್ಲಿ ಪ್ರೊಪೆಲ್ಲರ್ ಬದಲು ನೀರನ್ನು ಒಳಗೆಳೆದು ಹಿಂದಕ್ಕೆ ಚಿಮ್ಮಿಸುವ ವಾಟರ್‌ಜೆಟ್ ಇರುತ್ತದೆ. ನೀರಿಗೆ ಬಿದ್ದವರ ಹತ್ತಿರ ಹೋದಾಗ ಹೊರಗೆ ತಿರುಗುವ ರೆಕ್ಕೆ ಇಲ್ಲ, ಅದು ದೊಡ್ಡ ಸಮಾಧಾನ. ಆದರೆ ನೀರೊಳಗಿನ ಚುಕ್ಕಾಣಿ ಹಲಗೆಯೂ ಇಲ್ಲ! ಹಿಂದೆ ಚಿಮ್ಮುವ ನೀರನ್ನು ಅತ್ತಿತ್ತ ತಿರುಗಿಸಿಯೇ ಬೋಟನ್ನು ತಿರುಗಿಸಬೇಕು. ಗಾಬರಿಯಲ್ಲಿ ಎಂಜಿನ್ ವೇಗ ಪೂರ್ತಿ ಇಳಿಸಿದರೆ ಬೋಟು ಮಾತು ಕೇಳುವುದಿಲ್ಲ, ಕೈ ಮಾತ್ರ ಹಳೇ ಅಭ್ಯಾಸದಲ್ಲಿ ಸುಮ್ನೆ ಚಕ್ರ ತಿರುಗಿಸುತ್ತಿರುತ್ತದೆ. ಈ ಅಭ್ಯಾಸ ಬಿಡಿಸಬೇಕಾದ್ದು ಶಾಂತ ನೀರಿನಲ್ಲಿ, ಆಮೇಲೆ ಅಲೆಯಲ್ಲಿ, ಆಮೇಲೆ ರಾತ್ರಿ ಹೊತ್ತಿನಲ್ಲಿ. ಇದೆಲ್ಲ ಮುಗಿಯುವ ತನಕ ಹಳೇ ಬೋಟನ್ನು ಗುಜರಿಗೆ ಹಾಕಬೇಡಿ.