ಆ ಪ್ಲಾಸ್ಟಿಕ್ ಮೊದಲು ಬಿಚ್ಚಿ ಮಾರಾಯ್ರೆ

ಕಿಲೋ ಲೆಕ್ಕದ ಮಾರಾಟದಿಂದ ಹನ್ನೊಂದು ಕಿಲೋ ಫ್ಯಾಂಟಸಿ ಕಾದಂಬರಿ ತಂದಿದ್ದೀರಿ. ಒಂದೊಂದನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಗೋಡೆ ಕಪಾಟಿನಲ್ಲಿ ಒತ್ತಿ ತುಂಬಿಸಿದ್ದೀರಿ. ನಡುನಡುವೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಮೂಲೆಯಲ್ಲಿ ನಾಫ್ತಲಿನ್ ಗುಳಿಗೆ. ನಮ್ಮ ಕರಾವಳಿ ಓದುಗರ ಗುಂಪಿಗೆ ನೀವು ಹಾಕಿದ ಫೋಟೊ ಚಂದ ಉಂಟು. "ಮಳೆಗಾಲಕ್ಕೆ ಇಷ್ಟು ಸಾಕಲ್ವಾ" ಅಂತ ಕೇಳಿದ್ದೀರಿ. ಸಾಲದು. ಹೀಗೆ ಸುತ್ತಿ ಇಟ್ಟದ್ದಕ್ಕಿಂತ ಸುಮ್ಮನೆ ಮೇಜಿನ ಮೇಲೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಪ್ರತಿ ಜೂನ್‌ನಲ್ಲಿ ಈ ಗುಂಪಿನಲ್ಲಿ ಇಂಥದ್ದೇ ಫೋಟೊ ಬರ್ತದೆ, ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮುಗಿಯುವಷ್ಟರಲ್ಲಿ "ಬೂಷ್ಟು ಹಿಡಿದಿದೆ, ಎಂತ ಮಾಡುವುದು" ಅಂತ ಎರಡನೇ ಫೋಟೊ ಬರ್ತದೆ.

ಪ್ಲಾಸ್ಟಿಕ್ ಹೊರಗಿನ ನೀರನ್ನು ತಡೀತದೆ, ಸರಿ. ಒಳಗೆ ಇದ್ದ ನೀರು? ಕಾಗದ ಗಾಳಿಯ ತೇವ ಹೀರಿಕೊಳ್ಳುವ ವಸ್ತು. ಗಾಳಿಯಲ್ಲಿ ತೇವ ಶೇ. 50 ಇದ್ದಾಗ ಕಾಗದದ ತೂಕದಲ್ಲಿ ನೂರಕ್ಕೆ ಸುಮಾರು 6-7 ಪಾಲು ನೀರೇ ಇರ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ಅದು ಹತ್ತು ದಾಟಿ ಮೇಲೆ ಹೋಗ್ತದೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆದ ಮೇಲೆ ತಂದ ಪುಸ್ತಕ ಕೈಗೆ ಒಣಗಿದ ಹಾಗೇ ಕಾಣ್ತದೆ, ಆದರೆ ಒಣಗಿರುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೊಂಡವರು ಅರ್ಧ ಕಿಲೋ ನೀರಿಗೂ ದುಡ್ಡು ಕೊಟ್ಟಿದ್ದಾರೆ ಅಂತಲೇ ಲೆಕ್ಕ. ಅದನ್ನು ಹಾಗೇ ಸುತ್ತಿದರೆ ಆ ನೀರು ಒಳಗೇ ಉಳೀತದೆ, ಬೂಷ್ಟಿಗೆ ಅಷ್ಟು ಸಾಕು.

ಸಿಲಿಕಾ ಜೆಲ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಐದು ಕಿಲೋ ಪುಸ್ತಕದಿಂದ ಶೇ. 5ರಷ್ಟು ನೀರು ತೆಗೀಬೇಕು ಅಂದರೆ 250 ಗ್ರಾಂ. ಜೆಲ್ ತನ್ನ ತೂಕದ ಐದನೇ ಒಂದು ಪಾಲು ಹೀರ್ತದೆ ಅಂತ ಹಿಡಿದರೂ ಒಂದೂಕಾಲು ಕಿಲೋ ಜೆಲ್ ಬೇಕು. ನೀವು ಇಟ್ಟದ್ದು ಚಪ್ಪಲಿ ಡಬ್ಬದಲ್ಲಿ ಬರುವ ಐದೈದು ಗ್ರಾಂ ಪೊಟ್ಟಣ. ಅದೂ ಬಾಗಿಲ ಸಂದಿಯಿಂದ ಗಾಳಿ ಓಡಾಡುವ ಗೋಡೆ ಕಪಾಟಿನಲ್ಲಿ! ಇಡೀ ಅರಬ್ಬಿ ಸಮುದ್ರದ ಗಾಳಿಯನ್ನು ಒಣಗಿಸಲಿಕ್ಕೆ ಹೊರಟಿದ್ದೀರಿ. ಜೆಲ್ ಕೆಲಸ ಮಾಡುವುದು ಮೊದಲೇ ಒಣಗಿಸಿದ ಪುಸ್ತಕಕ್ಕೆ, ರಬ್ಬರ್ ಅಂಚಿನ ಮುಚ್ಚಳ ಇರುವ ಡಬ್ಬದಲ್ಲಿ ಮಾತ್ರ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ. ಕಿತ್ತಳೆ ಹಸಿರಾದರೆ ಅಥವಾ ನೀಲಿ ಗುಲಾಬಿಯಾದರೆ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿಯದ್ದರಲ್ಲಿ ಕೋಬಾಲ್ಟ್ ಇರ್ತದೆ, ಅಡುಗೆಯ ಓವನ್‌ಗೆ ಅದು ಬೇಡ. ಕಪಾಟಿನಲ್ಲಿ ತೂಗುಹಾಕುವ, ಕೆಳಗೆ ನೀರು ತುಂಬುವ ಚೀಲಗಳು ಬೇರೆಯೇ ವಸ್ತು, ಕ್ಯಾಲ್ಸಿಯಂ ಕ್ಲೋರೈಡ್. ಅದು ಒಡೆದು ಪುಸ್ತಕದ ಮೇಲೆ ಬಿದ್ದರೆ ಉಪ್ಪುನೀರು, ಆ ಕಾಗದ ಮತ್ತೆ ಯಾವತ್ತೂ ಸರಿಯಾಗಿ ಒಣಗುವುದಿಲ್ಲ. ಬಟ್ಟೆಗೆ ಆಗಬಹುದು, ಪುಸ್ತಕದ ಮೇಲೆ ಮಾತ್ರ ತೂಗಬೇಡಿ.

ಹಾಗಾದರೆ ಒಣಗಿಸುವುದು ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಬಿಸಿಲಿಗೆ ಮಾತ್ರ ಇಡಬೇಡಿ, ಇದು ಹಪ್ಪಳ ಅಲ್ಲ. ಬಿಸಿಲಿಗೆ ಅಗ್ಗದ ಕಾಗದ ಹಳದಿಯಾಗ್ತದೆ, ರಟ್ಟು ಸೊಟ್ಟಗಾಗ್ತದೆ, ಬೆನ್ನಿನ ಅಂಟು ಮೆತ್ತಗಾಗಿ ಆಮೇಲೆ ಪುಟ ಕಳಚಲಿಕ್ಕೆ ಶುರು. ಎಸಿ ಇದ್ದರೆ ಕೋಣೆಯ ಬಾಗಿಲು ಮುಚ್ಚಿ ಡ್ರೈ ಮೋಡ್‌ನಲ್ಲಿಟ್ಟು ಫ್ಯಾನ್ ಹಾಕಿ. ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ, ಪುಟಗಳನ್ನು ಬೀಸಣಿಗೆಯ ಹಾಗೆ ಸ್ವಲ್ಪವೇ ಬಿಡಿಸಿ. ಸಾವಿರ ಪುಟದ ದಪ್ಪ ಪೇಪರ್‌ಬ್ಯಾಕ್ ಅನ್ನು ಅಗಲ ಬಿಡಿಸಿದರೆ ಬೆನ್ನು ಒಡೀತದೆ, ಮೂವತ್ತು ಡಿಗ್ರಿ ಸಾಕು. ಪ್ರತಿ ಪುಸ್ತಕದ ತೂಕವನ್ನು ಚೀಟಿಯಲ್ಲಿ ಬರೆದು ಒಳಗಿಡಿ, ದಿನಾ ಅದೇ ಹೊತ್ತಿಗೆ ತೂಗಿ. 700 ಗ್ರಾಂ ಪುಸ್ತಕ 30-35 ಗ್ರಾಂ ಇಳಿಯುವುದು ಮಾಮೂಲು. ಎರಡು ದಿನ ಒಂದೇ ತೂಕ ತೋರಿಸಿದರೆ ಆ ಕೋಣೆಯ ಗಾಳಿಗೆ ಅದು ಒಣಗಿತು ಅಂತ. ಮುಟ್ಟಿ ನೋಡಿ ಹೇಳುವವರ ಮಾತು ಕೇಳಬೇಡಿ. ಎಸಿ ಇಲ್ಲದವರು ಜೂನ್‌ನಲ್ಲಿ ಬರೀ ಫ್ಯಾನ್ ನಂಬಿದರೆ ತೂಕ ಇಳಿಯುವುದೇ ಇಲ್ಲ, ಯಾಕೆಂದರೆ ಬೀಸುವ ಗಾಳಿಯೇ ಒದ್ದೆ. ಅವರಿಗೆ ಕೆಳಗೆ ಹೇಳುವ ಬಲ್ಬ್.

ಗೋಡೆ ಕಪಾಟು ಖಾಲಿ ಮಾಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ನೀರು ಹೀರ್ತದೆ, ಅದೂ ಪಡುವಣ ಬದಿಯ ಗೋಡೆಯಾದರೆ ಕೇಳುವುದೇ ಬೇಡ. ಕಬ್ಬಿಣದ ಕಪಾಟು, ಗೋಡೆಯಿಂದ ಎರಡಿಂಚು ದೂರ, ಕೆಳಗಿನ ಖಾನೆ ಪೂರ್ತಿ ಖಾಲಿ. ಆ ಖಾನೆಯಲ್ಲಿ ಪಿಂಗಾಣಿ ಹೋಲ್ಡರ್, ಅದಕ್ಕೆ 25 ವಾಟ್‌ನ ಹಳೇ ತಂತಿ ಬಲ್ಬ್. ಎಲ್‌ಇಡಿ ಆಗುವುದಿಲ್ಲ, ನಮಗೆ ಬೇಕಾದ್ದು ಬೆಳಕಲ್ಲ, ಬಿಸಿ. 27 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿ 31 ಡಿಗ್ರಿಗೆ ಏರಿದರೆ ಅದೇ ತೇವ ಶೇ. 71ಕ್ಕೆ ಇಳೀತದೆ, 32ಕ್ಕೆ ಹೋದರೆ 67-68. ಬೂಷ್ಟು ಜೋರಾಗಿ ಬೆಳೆಯುವುದು 70ರ ಮೇಲೆ, ಹಾಗಾಗಿ ನಾಲ್ಕೈದು ಡಿಗ್ರಿ ಏರಿದರೆ ಸಾಕು. "ದಿನಕ್ಕೆ ಒಂದು ಗಂಟೆ ಹಾಕ್ತೇನೆ" ಅನ್ನುವವರಿಗೆ: ಆರಿಸಿದ ಕೂಡಲೇ ಕಪಾಟು ತಣ್ಣಗಾಗಿ ತೇವ ಮತ್ತೆ ಅಲ್ಲಿಗೇ ಬರ್ತದೆ, ಹಾಕಿದ್ದು ದಂಡ. ಮಳೆ ಇರುವಷ್ಟು ದಿನ ಹಗಲು ರಾತ್ರಿ ಉರಿಯಬೇಕು. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಬಲ್ಬಿಗೂ ಪುಸ್ತಕಕ್ಕೂ ಒಂದಡಿಗಿಂತ ಕಡಿಮೆ ಅಂತರ ಬೇಡ, ಮರದ ಕಪಾಟಿನಲ್ಲಿ ಈ ಕೆಲಸವೇ ಬೇಡ, ವಯರ್ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಪುಸ್ತಕಗಳ ನಡುವೆ ಬೆರಳು ತೂರುವಷ್ಟು ಸಡಿಲ ಇರಲಿ, ಇಲ್ಲದಿದ್ದರೆ ಬಿಸಿ ಗಾಳಿ ಮೇಲಿನ ಖಾನೆಗೆ ಹೋಗುವುದಿಲ್ಲ.

ಮೂರು ನಾಲ್ಕು ನೂರು ರೂಪಾಯಿಗೆ ತೇವ ಅಳೆಯುವ ಮೀಟರ್ ಸಿಗ್ತದೆ. ಆದರೆ ಅದು ತೋರಿಸಿದ ಸಂಖ್ಯೆಯನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಕಲ್ಲುಪ್ಪಿನ ಪುಡಿಗೆ ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಸೇರಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿಯಿಡೀ ಇಡಿ. 75 ತೋರಿಸಬೇಕು. 69 ತೋರಿಸಿದರೆ ಮುಂದೆ ಅದು ಹೇಳಿದ್ದಕ್ಕೆಲ್ಲ 6 ಸೇರಿಸಿ ಓದಿ.

ನಾಫ್ತಲಿನ್ ತೆಗೆದುಬಿಡಿ. ಬೂಷ್ಟಿಗೆ ಅದು ಎಂತದ್ದೂ ಮಾಡುವುದಿಲ್ಲ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಮನೆಯಲ್ಲಿ ಶಿಶು ಇದ್ದರೆ ಅಪಾಯವೂ ಹೌದು. ಹುಳಕ್ಕೆ ಫ್ರೀಜರ್ ಒಳ್ಳೆಯದು. ಒಣಗಿದ ಪುಸ್ತಕವನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18ರಲ್ಲಿ ಎರಡು ವಾರ. ತಪ್ಪುವುದು ಹೊರಗೆ ತೆಗೆಯುವಾಗ. ಕೂಡಲೇ ಚೀಲ ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನಮ್ಮ ಗಾಳಿ ಬೆವರ್ತದೆ, ಅಷ್ಟು ದಿನ ಒಣಗಿಸಿದ್ದು ಹೋಯ್ತು. ಮುಚ್ಚಿದ ಚೀಲದಲ್ಲೇ 24 ಗಂಟೆ ಬಿಡಿ. ಹುಳ ಸಾಯ್ತದೆ, ಬೂಷ್ಟಿನ ಬೀಜ ಸಾಯುವುದಿಲ್ಲ, ಎರಡನ್ನೂ ಒಂದೇ ಅಂತ ತಿಳೀಬೇಡಿ. ಈಗಾಗಲೇ ಬಿಳಿ ಚುಕ್ಕೆ ಬಂದದ್ದಿದ್ದರೆ ಮೊದಲು ಒಣಗಿಸಿ, ಆಮೇಲೆ ಮಾಸ್ಕ್ ಹಾಕಿ ಅಂಗಳದಲ್ಲಿ ಮೆತ್ತಗಿನ ಬ್ರಷ್‌ನಿಂದ ಒರೆಸಿ. ಹಸಿ ಇರುವಾಗ ಒರೆಸಿದರೆ ಕಾಗದದೊಳಗೆ ಉಜ್ಜಿದ ಹಾಗೆ ಆಗ್ತದೆ. ಡೆಟಾಲ್ ಬಟ್ಟೆ, ಕರ್ಪೂರ, ಹಸಿ ಬೇವಿನೆಲೆ ಯಾವುದೂ ಬೇಡ.

ನೀವು ಹಾಕಿದ ಇನ್ನೊಂದು ಫೋಟೊದಲ್ಲಿ ಕಿತ್ತು ಬಂದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಿದ್ದೀರಿ. ಅಯ್ಯೋ. ಅದರ ಅಂಟು ಕಂದು ಕಲೆಯಾಗಿ ಎರಡೂ ಬದಿಯ ಪುಟಕ್ಕೆ ಇಳೀತದೆ. ಮಾಮೂಲು ಬಿಳಿ ಫೆವಿಕಾಲ್, ನೀರು ಸೇರಿಸದೆ, ಸಣ್ಣ ಬ್ರಷ್‌ನಲ್ಲಿ ಪುಟದ ಒಳ ಅಂಚಿಗೆ 2-3 ಮಿಲಿಮೀಟರ್ ಮಾತ್ರ. ಪುಟ ಕೂರಿಸಿ, ಎರಡೂ ಬದಿಗೆ ಬೆಣ್ಣೆ ಕಾಗದ ಇಟ್ಟು ಭಾರ ಹೇರಿ ರಾತ್ರಿ ಬಿಡಿ. ಫೆವಿಸ್ಟಿಕ್ ಹಿಡಿಯುವುದಿಲ್ಲ, ಫೆವಿಕ್ವಿಕ್ ಗಾಜಿನ ಹಾಗೆ ಗಟ್ಟಿಯಾಗಿ ಮೊದಲ ಸಲ ಬಿಡಿಸುವಾಗಲೇ ಪಕ್ಕದ ಪುಟವನ್ನೂ ಕೀಳ್ತದೆ. ಬೈಂಡ್ ಹಾಕುವುದಾದರೆ ಖಾಕಿ ಕಾಗದ ಸಾಕು. ಮೆತ್ತಗಿನ ಪಿವಿಸಿ ಹಾಳೆ ರಟ್ಟಿನ ಬಣ್ಣಕ್ಕೇ ಅಂಟಿಕೊಳ್ತದೆ.

ಕೊಂಡ ಪಟ್ಟಿಯ ಬಗ್ಗೆಯೂ ಎರಡು ಮಾತು, ಬೇಜಾರು ಮಾಡ್ಕೊಳ್ಬೇಡಿ. ಸರಣಿಯ ಮೂರನೆಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳುವುದು ಬಿಡಿ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಬ್ರಿಟಿಷ್ ಆವೃತ್ತಿ, ಅದರಲ್ಲಿ ದಪ್ಪ ಕಾದಂಬರಿಯನ್ನು ಎರಡಾಗಿ ಸೀಳಿರ್ತಾರೆ. 'ಗೇಮ್ ಆಫ್ ಥ್ರೋನ್ಸ್' ಸರಣಿಯ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಐದು ಕಾದಂಬರಿ ಹಾಗೆ ಏಳು ಪುಸ್ತಕ ಆಗಿವೆ, ಮೂರನೆಯದ್ದೂ ಐದನೆಯದ್ದೂ ಎರಡೆರಡು. ನಿಮ್ಮ ಕೈಲಿರುವ 'ಸ್ಟೀಲ್ ಆಂಡ್ ಸ್ನೋ' ಮೂರನೆಯದ್ದರ ಮೊದಲರ್ಧ. ಮುಂದಿನ ಅರ್ಧ 'ಬ್ಲಡ್ ಆಂಡ್ ಗೋಲ್ಡ್', ಅದು ನಿಮ್ಮ ರಾಶಿಯಲ್ಲಿ ಕಾಣಲಿಲ್ಲ. ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ 'ದ ವೇ ಆಫ್ ಕಿಂಗ್ಸ್' ಕೂಡ ಪಾರ್ಟ್ ಒನ್, ಪಾರ್ಟ್ ಟೂ. ಬೆನ್ನಿನ ಮೇಲೆ ಸಣ್ಣಕ್ಕೆ ಬರೆದಿರ್ತಾರೆ, ರಾಶಿಯಲ್ಲಿ ಕಾಣುವುದಿಲ್ಲ. ಅಂಗಡಿಯಲ್ಲೇ ಶೀರ್ಷಿಕೆ ಪುಟ ತೆರೆದು ನೋಡಿ. ಮಾರ್ಟಿನ್ ಅವರ ಐದನೆಯದ್ದು 2011ರಲ್ಲಿ ಬಂದದ್ದು, ಆರನೆಯದ್ದಕ್ಕೆ ಓದುಗರು ಇನ್ನೂ ಕಾಯುತ್ತಾ ಕೂತಿದ್ದಾರೆ. ಹೊಸಬರು ಮುಗಿದ ಸರಣಿಯಿಂದ ಶುರು ಮಾಡುವುದೇ ಲೇಸು. ರಾಬಿನ್ ಹಾಬ್ ಅವರ ಫಾರ್‌ಸಿಯರ್ ಸರಣಿಯ ಮೂರು ಪುಸ್ತಕ ಮುಗಿಸಿ ಲೈವ್‌ಶಿಪ್ ಸರಣಿಯ ಮೂರಕ್ಕೆ ಹೋಗಿ, ಆಮೇಲೆ ಟಾನಿ ಮ್ಯಾನ್ ಸರಣಿ. ನಾಯಕ ಬೇರೆ ಅಂತ ನಡುವಿನದ್ದನ್ನು ಹಾರಿಸುವವರು ಜಾಸ್ತಿ. ಹಡಗು, ಬಂದರು, ಸಾಲ, ಮನೆತನದ ವ್ಯಾಪಾರ ಎಲ್ಲ ಇರುವ ಕಥೆ, ಮಲ್ಪೆ-ಬಂದರಿನ ಕಡೆಯವರು ಅದನ್ನೇ ಹಾರಿಸಿದರೆ ಹೇಗೆ?

ನಕಲಿ ಪ್ರತಿ ಹಿಡಿಯಲಿಕ್ಕೆ ಫ್ಯಾಂಟಸಿಯಲ್ಲಿ ಸುಲಭದ ದಾರಿ ನಕ್ಷೆ. ಅಸಲಿಯಲ್ಲಿ ಊರಿನ ಹೆಸರು ಎಷ್ಟೇ ಸಣ್ಣದಿದ್ದರೂ ಅಕ್ಷರದ ಅಂಚು ಚೂಪು. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರದ ಹೊಟ್ಟೆ ಮಸಿ ತುಂಬಿ ಮುಚ್ಚಿರ್ತದೆ, ಬೆಟ್ಟಗಳೆಲ್ಲ ಕಪ್ಪು ಕಲೆ. ಹಾಗೆಯೇ ಪುಟಸಂಖ್ಯೆ ಸರಸರ ತಿರುಗಿಸಿ ನೋಡಿ. ಅಚ್ಚಾಗುವುದು 16 ಅಥವಾ 32 ಪುಟದ ಫಾರಂನಲ್ಲಿ (ಒಂದೇ ದೊಡ್ಡ ಹಾಳೆ ಮಡಚಿದ ಕಟ್ಟು), ಹಾಗಾಗಿ ತಪ್ಪಿದರೆ ಒಂದು ಪುಟ ತಪ್ಪುವುದಲ್ಲ, 32 ಪುಟ ಒಟ್ಟಿಗೇ ಮಾಯ, ಇಲ್ಲದಿದ್ದರೆ ಎರಡೆರಡು ಸಲ. ಕಿಲೋ ಮಾರಾಟದಲ್ಲಿ ವಾಪಸು ತಗೊಳ್ಳುವುದು ಅಪರೂಪ.

ಕೊಳ್ಳುವುದನ್ನೂ ವರ್ಷದಲ್ಲಿ ಸ್ವಲ್ಪ ಬೇಗ ಮಾಡಿ. ಮಣಿಪಾಲದ ಹುಡುಗರು ಕೋರ್ಸ್ ಮುಗಿಸಿ ರೂಮು ಖಾಲಿ ಮಾಡುವಾಗ ಪೂರ್ತಿ ಸೆಟ್ ಒಂದೇ ಕೈಯಿಂದ ಸಿಗುವ ಸಾಧ್ಯತೆ ಉಂಟು, ಅಳತೆ ಮತ್ತು ಬೆನ್ನಿನ ವಿನ್ಯಾಸವೂ ಒಂದೇ. ಆದರೆ ಮಳೆ ಹಿಡಿಯುವ ಮೊದಲೇ ತನ್ನಿ. ನಿಮ್ಮ ರಾಶಿಯಲ್ಲಿ ಎರಡೆರಡು ಪ್ರತಿ ಆಗಿರುವುದನ್ನು ಇದೇ ಗುಂಪಿನ ವಿನಿಮಯದ ಪೋಸ್ಟ್‌ಗೆ ಹಾಕಿ, ಯಾವ ಅರ್ಧ ಅಂತ ಸ್ಪಷ್ಟ ಬರೆಯಿರಿ, ತೂಕ ನಿಂತ ಮೇಲೆಯೇ ಕೊಡಿ. ಒದ್ದೆ ಪುಸ್ತಕ ಕೊಟ್ಟರೆ ಅವರ ಕಪಾಟಿಗೂ ಬೂಷ್ಟು ದಾಟ್ತದೆ.