ಏಳು ಪುಸ್ತಕ ಬೇಡ, ಎರಡು ಸಾಕು

ಮೇ 25 ಆಫ್ರಿಕಾ ದಿನ. ಆ ವಾರ ನಿಮ್ಮ ಓದುಗರ ಬಳಗದ ಎಂಟು ಜನ ದಿನಕ್ಕೊಂದು ದೇಶ, ದಿನಕ್ಕೊಂದು ಕಾದಂಬರಿ ಓದಬೇಕೆಂದಿದ್ದೀರಿ. ಅಚಿಬೆ, ಸೋಯಿಂಕಾ, ಗೂಗಿ, ಮಹ್ಫೂಜ್, ಗುರ್ನಾ, ಹೀಗೆ ಆಫ್ರಿಕಾದ ಲೇಖಕರ ಪಟ್ಟಿ ಕಳಿಸಿ, 'ಯಾರನ್ನಾದರೂ ಬಿಟ್ಟಿದ್ದೀವಾ?' ಎಂದು ಕೇಳಿದ್ದೀರಿ.

ಬಿಟ್ಟಿದ್ದೀರಿ. ಹೆಂಗಸರನ್ನು ಪೂರ್ತಿ ಬಿಟ್ಟಿದ್ದೀರಿ. ಇನ್ನೊಂದು ಮಾತು, ಏಳು ದಿನಕ್ಕೆ ಏಳು ಕಾದಂಬರಿ ಅಂದರೆ ಬಸ್ಸಿನ ಕಿಟಕಿಯಿಂದ ಊರು ನೋಡಿದ ಹಾಗೆ. 54 ದೇಶಗಳ ಖಂಡ ಒಂದು ವಾರಕ್ಕೆ ಮುಗಿಯುವುದಿಲ್ಲ, ಮುಗಿಸಲೂ ಬೇಡಿ. ಎರಡು ಪುಸ್ತಕ ಇಟ್ಟುಕೊಳ್ಳಿ, ಜೊತೆಗೆ ಒಂದು ಕತೆ.

ಎಲ್ಲರೂ ನೈಜೀರಿಯಾದ ಅಚಿಬೆಯಿಂದ ಶುರು ಮಾಡುತ್ತಾರೆ. 1958ರ ಅವರ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ದೊಡ್ಡ ಕೃತಿಯೇ. ಆದರೆ ನಿಮ್ಮಲ್ಲಿ ಹೆಚ್ಚಿನವರು ಅದನ್ನು ಓದಿಯಾಗಿದೆ ಅಲ್ವಾ? ನೀವು ಸೆನೆಗಲ್‌ನ ಮರಿಯಾಮಾ ಬಾ ಅವರಿಂದ ಶುರು ಮಾಡಿ. 1979ರಲ್ಲಿ ಫ್ರೆಂಚ್‌ನಲ್ಲಿ ಬಂದ 'ಸೋ ಲಾಂಗ್ ಎ ಲೆಟರ್' ನೂರು ಪುಟದ ಆಸುಪಾಸಿನ ಪುಸ್ತಕ. ಗಂಡ ತೀರಿಕೊಂಡು ಸೂತಕದಲ್ಲಿ ಕೂತ ರಮತುಲಾಯೆ ತನ್ನ ಗೆಳತಿಗೆ ಬರೆಯುವ ಒಂದೇ ಉದ್ದನೆಯ ಪತ್ರ. ಅದರಲ್ಲಿ ಗಂಡ ಬದುಕಿದ್ದಾಗಿನ ಒಂದು ಸನ್ನಿವೇಶ ನೆನೆಯುತ್ತಾಳೆ. ಮೂವರು ಗಂಡಸರು ಮನೆಗೆ ಬರುತ್ತಾರೆ. ಒಬ್ಬ ಗಂಡನ ಅಣ್ಣ, ಒಬ್ಬ ಸ್ನೇಹಿತ, ಇನ್ನೊಬ್ಬರು ಇಮಾಮ್. ಸುತ್ತಿ ಬಳಸಿ ಮಾತಾಡುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ಅವಳ ಗಂಡ ಅವತ್ತೇ ಎರಡನೇ ಮದುವೆ ಆಗಿದ್ದಾನೆ, ಅದೂ ಮಗಳ ಗೆಳತಿಯನ್ನು! ಹನ್ನೆರಡು ಮಕ್ಕಳ ತಾಯಿ ಅವಳು. ಬಂದವರ ಮುಂದೆ ನೋವು ತೋರಿಸದೆ ನಗುಮುಖದಲ್ಲೇ ಇರುತ್ತಾಳೆ. ಆ ಪುಟ ಮುಗಿದ ಮೇಲೆ ಅವತ್ತಿಗೆ ಪುಸ್ತಕ ಮುಚ್ಚಿಡಿ. ಮಾತು ತಾನಾಗಿ ಹುಟ್ಟುತ್ತದೆ.

ಎರಡನೆಯದು ಕೀನ್ಯಾದ ಗೂಗಿ ವಾ ಥಿಯಾಂಗೊ. ನೀವು ಬರೆದ ಒಂದು ಸಾಲು ನನ್ನನ್ನು ಇಲ್ಲಿಗೆ ತಂದಿತು. 'ಬಳಗದಲ್ಲಿ ಇಬ್ಬರಿಗೆ ಇಂಗ್ಲಿಷ್ ಓದುವುದು ಕಷ್ಟ, ಅವರು ಸುಮ್ನೆ ಕೂತಿರುತ್ತಾರೆ' ಅಂದಿದ್ದೀರಿ. ಯಾರೂ ಸುಮ್ನೆ ಕೂರುವ ಅಗತ್ಯವಿಲ್ಲ. ಗೂಗಿ ಇಂಗ್ಲಿಷ್‌ನಲ್ಲಿ ಹೆಸರು ಮಾಡಿದ ಮೇಲೆ ತಮ್ಮ ಊರ ಕಡೆಯ ರೈತರು, ಕೂಲಿಗಳ ಜೊತೆ ತಮ್ಮ ತಾಯಿನುಡಿ ಗಿಕುಯುನಲ್ಲಿ ನಾಟಕ ಕಟ್ಟಿದರು. 1977ರ ಕೊನೆಗೆ ಸರ್ಕಾರ ಅವರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿತು. ಅಲ್ಲಿ ಶೌಚದ ಕಾಗದದ ಮೇಲೆ ಗಿಕುಯುನಲ್ಲೇ ಕಾದಂಬರಿ ಬರೆದರು. ಆ ಕಾಗದ ಒರಟು, ಮೈಗೆ ಒಗ್ಗದ್ದು. ಆದರೆ ಪೆನ್ನಿಗೆ ಚೆನ್ನಾಗಿ ಒಗ್ಗಿತು. 1980ರಲ್ಲಿ ಅಚ್ಚಾದಾಗ ಜನ ಅದನ್ನು ಮನೆಗಳಲ್ಲಿ ಗಟ್ಟಿಯಾಗಿ ಓದಿಸಿ ಕೇಳಿದರು. ಬಾರ್‌ನಲ್ಲಿ ಓದುವವನು ಗ್ಲಾಸು ಖಾಲಿಯಾದ ತಕ್ಷಣ ಕತೆಯ ರಸವತ್ತಾದ ಜಾಗದಲ್ಲೇ ನಿಲ್ಲಿಸುತ್ತಿದ್ದನಂತೆ. ಯಾರಾದರೂ ಇನ್ನೊಂದು ಕೊಡಿಸಿದರೆ ಮುಂದಕ್ಕೆ! ಇದನ್ನು ಗೂಗಿ ಅವರೇ ಬರೆದಿದ್ದಾರೆ.

ಇಂಗ್ಲಿಷ್‌ನಲ್ಲಿ ಅದು 'ಡೆವಿಲ್ ಆನ್ ದ ಕ್ರಾಸ್', ಅನುವಾದವೂ ಅವರದೇ. ಒಬ್ಬರು ಒಂದು ಅಧ್ಯಾಯ ಓದಿಕೊಂಡು ಬಂದು ಕನ್ನಡದಲ್ಲಿ ಹೇಳಲಿ. ನೀವು ಹೇಳಿದ ಆ ಇಬ್ಬರೇ ಮೊದಲು ಪ್ರಶ್ನೆ ಕೇಳಲಿ. ಜಗಲಿ ಮೇಲೆ ಜೈಮಿನಿ ಭಾರತ ಓದಿಸಿ ಅರ್ಥ ಹೇಳಿಸಿಕೊಂಡ ಜನ ನಾವು, ಈ ಕ್ರಮ ನಮಗೇನೂ ಹೊಸದಲ್ಲ. ಪುಸ್ತಕ ವಾರದಲ್ಲಿ ಮುಗಿಯದಿದ್ದರೂ ಚಿಂತೆ ಬೇಡ.

ಭಾನುವಾರಕ್ಕೆ ಬೆಸ್ಸಿ ಹೆಡ್ ಅವರ 'ಸ್ನ್ಯಾಪ್‌ಶಾಟ್ಸ್ ಆಫ್ ಎ ವೆಡ್ಡಿಂಗ್' ಕತೆ. ಕೆಲವೇ ಪುಟ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಬೆಸ್ಸಿ 1964ರಲ್ಲಿ ಪುಟ್ಟ ಮಗನ ಜೊತೆ ಬೋಟ್ಸ್ವಾನಾಕ್ಕೆ ಬಂದವರು. ಅಲ್ಲಿನ ಪೌರತ್ವಕ್ಕಾಗಿ 15 ವರ್ಷ ಕಾದರು. ಕತೆಯಲ್ಲಿ ಹುಡುಗ, ಪ್ರೀತಿಸುವವಳನ್ನು ಬಿಟ್ಟು ಓದಿ ಸಂಪಾದಿಸಬಲ್ಲ ಹುಡುಗಿಯನ್ನು ಮದುವೆ ಆಗುತ್ತಾನೆ. ಕೊನೆಗೆ ಹುಡುಗಿಯ ಕಡೆಯ ಹೆಂಗಸೊಬ್ಬಳು ಮಂಡಿಯೂರಿ, ನೆಲಕ್ಕೆ ಗುದ್ದಿ ಗುದ್ದಿ ಹೇಳುತ್ತಾಳೆ, 'ಒಳ್ಳೆಯ ಹೆಂಡತಿಯಾಗಿರು!' ಎಂದು. ಅದು ಹಾರೈಕೆಯೋ ಬೆದರಿಕೆಯೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ನಿಮ್ಮ ಎಂಟು ಜನ ಏನಂದರು, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ